ಗೊರೂರಿನಿಂದ ನಲ್ಲಿಗೆ, ನಲ್ಲಿಯಿಂದ ಎಲ್ಲಿಗೆ?

ತೆಂಗಿನ ಸೀಮೆಗೆ ನೀರು ತರಲು ನಡೆದ ಹೋರಾಟಗಳ ಕಥೆ ಎಲ್ಲರಿಗೂ ಗೊತ್ತು. ಬಳಸಿದ ನೀರಿನ ಕಥೆ ಕೇಳುವವರು ಕಡಿಮೆ.

ಹೇಮಾವತಿ ಹುಟ್ಟುವುದು ಮೂಡಿಗೆರೆಯ ಮಲೆಯಲ್ಲಿ, ಸೇರುವುದು ಕೃಷ್ಣರಾಜಸಾಗರದ ಹಿನ್ನೀರನ್ನು. ತಿಪಟೂರಿನ ಕಡೆಗೆ ತಾನಾಗಿ ತಿರುಗಿದ ಹೊಳೆ ಅದಲ್ಲ. ಗೊರೂರಿನಲ್ಲಿ 1979ರ ಹೊತ್ತಿಗೆ ಅಣೆಕಟ್ಟೆ ಎದ್ದು ನಿಂತಿತು. ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು–ನವಿಲೆ ಬಳಿ ಸುಮಾರು 10 ಕಿ.ಮೀ. ಸುರಂಗ ಕೊರೆದ ಮೇಲೆ ನೀರು ತುಮಕೂರು ನಾಲೆಗೆ ಹರಿಯಿತು.

ನಾಲೆ ವರ್ಷವಿಡೀ ಹರಿಯುವುದಿಲ್ಲ. ಮಳೆಗಾಲದಲ್ಲಿ ಬಿಟ್ಟ ನೀರನ್ನು ಕೆರೆಯಲ್ಲಿ ಹಿಡಿದಿಟ್ಟು ಬೇಸಿಗೆ ದಾಟಬೇಕು. ತಿಪಟೂರಿಗೆ ಈಚನೂರು ಕೆರೆ, ತುರುವೇಕೆರೆಗೆ ಮಲ್ಲಾಘಟ್ಟ ಕೆರೆ. ಚಿಕ್ಕನಾಯಕನಹಳ್ಳಿಯ ಪಾಡೇ ಬೇರೆ. ಆ ತಾಲ್ಲೂಕಿನ ಬಹುಭಾಗದ ಹಳ್ಳಗಳು ಸುವರ್ಣಮುಖಿ, ವೇದಾವತಿಯ ಮೂಲಕ ಕೃಷ್ಣೆಯ ಕಡೆಗೆ ಹೋಗುತ್ತವೆ. ಕಾವೇರಿ ಕಣಿವೆಯ ನೀರು ಅಲ್ಲಿಗೆ ಹೋಗಬೇಕಾದರೆ ದಿಣ್ಣೆ ಹತ್ತಿ ಇಳಿಯಬೇಕು. ಶೆಟ್ಟಿಕೆರೆ, ಸಾಸಲು ಕಡೆಯವರು ಕೆರೆ ತುಂಬಿಸಿಕೊಡಿ ಎಂದು ವರ್ಷಗಟ್ಟಲೆ ಕೂಗಿದ್ದು ಇದಕ್ಕೇ.

ಕೆರೆಯಿಂದ ಮುಂದಿನದು ಎಲ್ಲ ಊರಿಗೂ ಒಂದೇ ಬಗೆ. ಜಾಕ್‌ವೆಲ್ಲಿನಿಂದ ಎತ್ತಿದ ನೀರಿಗೆ ಗಾಳಿಯಾಡಿಸಿ, ಆಲಂ ಬೆರೆಸಿ ಬಗ್ಗಡ ಇಳಿಸಿ, ಮರಳಿನಲ್ಲಿ ಸೋಸಿ, ಕ್ಲೋರಿನ್ ಹಾಕಿ ಓವರ್‌ಹೆಡ್ ಟ್ಯಾಂಕಿಗೆ ಏರಿಸುತ್ತಾರೆ.

ಇಷ್ಟಕ್ಕೂ ಯಜಮಾನರು ಯಾರು? ನಾಲೆ ಕಾವೇರಿ ನೀರಾವರಿ ನಿಗಮದ್ದು. ಪಟ್ಟಣದ ಯೋಜನೆಗಳನ್ನು ಕಟ್ಟುವುದು 1973ರ ಕಾಯ್ದೆಯಿಂದ ಹುಟ್ಟಿದ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಕಟ್ಟಿದ್ದನ್ನು ನಡೆಸುವುದು ಸಾಮಾನ್ಯವಾಗಿ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿ. ಹಳ್ಳಿಯಲ್ಲಿ ‘ಮನೆಮನೆಗೆ ಗಂಗೆ’ ನಲ್ಲಿ ನೀರಿನ ಯೋಜನೆಯ ಲೆಕ್ಕ ತಲೆಗೆ ದಿನಕ್ಕೆ 55 ಲೀಟರ್, ಬಿಡುವವನು ಪಂಚಾಯಿತಿಯ ನೀರುಗಂಟಿ. ಕಚೇರಿ ಎಷ್ಟೇ ಇರಲಿ, ನೀರು ಬಾರದ ದಿನ ಬೈಸಿಕೊಳ್ಳುವವನು ಮಾತ್ರ ವಾಲ್ವ್ ತಿರುಗಿಸುವವನೊಬ್ಬನೇ.

ಹೋಗುವ ನೀರು

ಮಂಡಳಿಯ ಹೆಸರಿನಲ್ಲಿ ‘ಒಳಚರಂಡಿ’ ಕೊನೆಗಿದೆ. ನಮ್ಮ ಗಮನದಲ್ಲೂ ಕೊನೆಗೇ. ಎಂಜಿನಿಯರುಗಳ ಕೈಪಿಡಿ ಪ್ರಕಾರ ಒಳಚರಂಡಿ ಇರುವ ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು. ಅದರಲ್ಲಿ ಶೇ 80ರಷ್ಟು ಕೊಳಚೆಯಾಗಿ ಹೊರಬರುತ್ತದೆ ಎಂಬುದು ಅವರದೇ ಲೆಕ್ಕ. ಅಂದರೆ 108 ಲೀಟರ್. ಬಯಲುಸೀಮೆಯ ಫಸಲು ಬಿಡುವ ತೆಂಗಿನ ಮರಕ್ಕೆ ಹನಿ ನೀರಾವರಿಯಲ್ಲಿ ದಿನಕ್ಕೆ 60ರಿಂದ 80 ಲೀಟರ್ ಸಾಕು. ಪೇಟೆಯಲ್ಲಿ ಒಬ್ಬರು ಬಳಸಿ ಚೆಲ್ಲಿದ ನೀರು ತೋಟದ ಒಂದು ಮರವನ್ನು ಸಾಕಿ ಮಿಗುತ್ತದೆ. ಬೋರ್‌ವೆಲ್ ಬತ್ತಿದ ಮೇಲೆ ಟ್ಯಾಂಕರಿನಲ್ಲಿ ನೀರು ಹೊಡೆಸಿದವರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಬೇಸಿಗೆಯ ಬರಕ್ಕೆ ತೆಂಗು ಎರಡು ಮೂರು ವರ್ಷ ಫಸಲಿನಲ್ಲಿ ದಂಡ ತೆರುತ್ತದೆ.

ಸೊಪ್ಪು ತರಕಾರಿಗಿಂತ ತೆಂಗಿಗೆ ಬಳಸಿ ಚೆಲ್ಲಿದ ಈ ನೀರು ಒಗ್ಗುವುದು ಹೆಚ್ಚು. ನೀರು ಬುಡದಲ್ಲಿ, ಕಾಯಿ ಮುಗಿಲಲ್ಲಿ. ಅದಕ್ಕೆ ಸಿಪ್ಪೆ, ಚಿಪ್ಪು ಎಂಬ ಎರಡು ಗೋಡೆ ಬೇರೆ. ಹಾಗೆಂದು ಚರಂಡಿ ನೀರನ್ನು ನೇರ ತೋಟಕ್ಕೆ ತಿರುಗಿಸುವುದು ಹುಚ್ಚುತನ: ಡ್ರಿಪ್ ಕಟ್ಟಿಕೊಳ್ಳುತ್ತದೆ, ಉಪ್ಪು ಸೇರುತ್ತದೆ, ಪಕ್ಕದ ಬಾವಿ ಕೆಡುತ್ತದೆ. ಬೆಂಗಳೂರಿನ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಎರಡು ಹಂತ ಶುದ್ಧಿಯಾಗಿ 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅಂತರ್ಜಲ ಏರಿದ್ದನ್ನು ಮೆಚ್ಚಿದವರೂ ಇದ್ದಾರೆ, ಮೂರನೇ ಹಂತದ ಶುದ್ಧೀಕರಣ ಬೇಕೆಂದು ಪಟ್ಟು ಹಿಡಿದವರೂ ಇದ್ದಾರೆ. ನನಗೆ ಆ ಎರಡನೆಯವರ ಮಾತೇ ಸರಿ ಅನ್ನಿಸುತ್ತದೆ. ಒಳಚರಂಡಿ ಇಲ್ಲದ ಊರಿಗೆ ಅಗ್ಗದ ದಾರಿ ಬೇಕೆಂದರೆ ದೇವನಹಳ್ಳಿಯನ್ನು ನೋಡಬಹುದು. ಪಾಯಿಖಾನೆ ಗುಂಡಿಗಳಿಂದ ಲಾರಿಯಲ್ಲಿ ಹೀರಿ ತಂದ ಮಲಕೆಸರನ್ನು ಗೊಬ್ಬರ ಮಾಡುವ ಘಟಕ ಅಲ್ಲಿ 2015ರಲ್ಲೇ ಶುರುವಾಯಿತು.

ಕುಣಿಗಲ್ ಕಡೆಗೆ ಪೈಪಿನಲ್ಲಿ ನೀರೊಯ್ಯುವ ಎಕ್ಸ್‌ಪ್ರೆಸ್ ಕಾಲುವೆ ಬೇಡವೆಂದು ಗುಬ್ಬಿ, ತುರುವೇಕೆರೆ ಕಡೆಯ ರೈತರು 2024–25ರಲ್ಲಿ ಬೀದಿಗಿಳಿದರು. ನಾಲೆಯ ನೀರಿಗೆ ಜಗಳ ಮಾಡಬೇಕಾದ್ದೇ. ಆದರೆ ಗೊರೂರಿನಿಂದ ಸುರಂಗ ದಾಟಿಸಿ, ಕರೆಂಟು ಸುಟ್ಟು ಎತ್ತಿ, ಸೋಸಿ ಮನೆಗೆ ತಂದ ನೀರು ಪಾತ್ರೆ ತೊಳೆದು ಚರಂಡಿಗೆ ಬಿದ್ದೊಡನೆ ಅದಕ್ಕೆ ವಾರಸುದಾರರೇ ಇಲ್ಲ. ಮುಂದಿನ ನಗರಸಭೆ ಬಜೆಟ್ ಸಭೆಯಲ್ಲಿ ತೋಟದವರು ಕೇಳಬೇಕಾದ ಪ್ರಶ್ನೆಗಳಿವೆ: ಎಷ್ಟು ಮನೆಗಳು ಒಳಚರಂಡಿಗೆ ಜೋಡಣೆಯಾಗಿವೆ, ದಿನಕ್ಕೆ ಎಷ್ಟು ನೀರು ಶುದ್ಧಿಯಾಗುತ್ತಿದೆ, ಅದರ ಪರೀಕ್ಷಾ ವರದಿ ಎಲ್ಲಿದೆ, ಯಾವ ಕೆರೆಗೆ ಬಿಡುತ್ತೀರಿ?