ಪ್ರಾದೇಶಿಕ ಅಭಿವೃದ್ಧಿ ನಿಧಿ ಮತ್ತು ಬಂಡವಾಳ ಹೂಡಿಕೆ: ಉದ್ದಿಮೆದಾರರು ಅರಿತಿರಬೇಕಾದ ಸಂಗತಿಗಳು

ಹಿಂದುಳಿದ ಪ್ರದೇಶಗಳಲ್ಲಿ ಕೈಗಾರಿಕೆ ಬೆಳೆಯಲೆಂದು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು ಪ್ರತಿವರ್ಷವೂ ದೊಡ್ಡ ಮೊತ್ತವನ್ನು ಆಯವ್ಯಯದಲ್ಲಿ ಮೀಸಲಿಡುತ್ತವೆ. ಆ ಹಣ ಯಾವ ದಾರಿಯಿಂದ ಬರುತ್ತದೆ, ಯಾವಾಗ ಕೈಸೇರುತ್ತದೆ, ಯಾವ ಷರತ್ತುಗಳಿಗೆ ಒಳಪಟ್ಟಿರುತ್ತದೆ ಎಂಬ ವಿಷಯದಲ್ಲಿ ಮಾತ್ರ ನಮ್ಮ ವರ್ತಕ ಹಾಗೂ ಸಣ್ಣ ಉದ್ದಿಮೆದಾರ ಬಾಂಧವರಲ್ಲಿ ಇನ್ನೂ ಸ್ಪಷ್ಟ ಕಲ್ಪನೆ ಇಲ್ಲ. ಇದರಿಂದ ಎರಡು ಬಗೆಯ ನಷ್ಟ ಉಂಟಾಗುತ್ತಿದೆ. ಅರ್ಹರಾದ ಹಲವರು ಅರ್ಜಿಯನ್ನೇ ಸಲ್ಲಿಸುವುದಿಲ್ಲ. ಅರ್ಜಿ ಸಲ್ಲಿಸಿದವರಲ್ಲಿ ಕೆಲವರು ಇನ್ನೂ ಬಾರದ ಸಹಾಯಧನವನ್ನೇ ಬಂಡವಾಳವೆಂದು ಎಣಿಸಿ ಸಾಲದ ಸುಳಿಗೆ ಸಿಲುಕುತ್ತಾರೆ. ಈ ಎರಡೂ ನಷ್ಟಗಳನ್ನು ತಪ್ಪಿಸುವುದು ಹೇಗೆಂಬುದನ್ನು ಕಲ್ಯಾಣ ಕರ್ನಾಟಕದ ನಿದರ್ಶನದೊಂದಿಗೆ ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಹಿನ್ನೆಲೆ

ಹಿಂದುಳಿದ ಪ್ರದೇಶಗಳಿಗೆ ಹೂಡಿಕೆ ಸಹಾಯಧನ ನೀಡುವ ಪದ್ಧತಿ ನಮ್ಮ ದೇಶದಲ್ಲಿ ಹೊಸದಲ್ಲ. ಕೇಂದ್ರ ಸರ್ಕಾರವು 1971ರಲ್ಲಿ ಕೇಂದ್ರ ಹೂಡಿಕೆ ಸಹಾಯಧನ ಯೋಜನೆಯನ್ನು ಆರಂಭಿಸಿ 1988ರಲ್ಲಿ ಅದನ್ನು ಕೈಬಿಟ್ಟಿತು. ಅಂದಿನಿಂದ ಈ ಹೊಣೆಯ ಹೆಚ್ಚಿನ ಭಾಗ ರಾಜ್ಯಗಳ ಕೈಗಾರಿಕಾ ನೀತಿಗಳ ಮೇಲೆ ಬಿದ್ದಿದೆ.

ನಮ್ಮ ರಾಜ್ಯದಲ್ಲಿ ಯಾವ ತಾಲ್ಲೂಕು ಎಷ್ಟು ಹಿಂದುಳಿದಿದೆ ಎಂಬುದನ್ನು ಶಾಸ್ತ್ರೀಯವಾಗಿ ಅಳೆದದ್ದು ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪನವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ. ಅದು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ 35 ಸೂಚ್ಯಂಶಗಳ ಆಧಾರದ ಮೇಲೆ ಅಂದಿನ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿತು. ಇವುಗಳಲ್ಲಿ 39 ಅತ್ಯಂತ ಹಿಂದುಳಿದ, 40 ಅತಿ ಹಿಂದುಳಿದ, 35 ಹಿಂದುಳಿದ ತಾಲ್ಲೂಕುಗಳು. ಅತ್ಯಂತ ಹಿಂದುಳಿದ 39ರಲ್ಲಿ 21 ತಾಲ್ಲೂಕುಗಳು ಅಂದಿನ ಗುಲ್ಬರ್ಗಾ ವಿಭಾಗಕ್ಕೇ ಸೇರಿದ್ದವು. ವರದಿ ಹಳೆಯದಾದರೂ ತಾಲ್ಲೂಕುಗಳ ಈ ವರ್ಗೀಕರಣ ಇಂದಿಗೂ ನೀತಿ ನಿರೂಪಣೆಯ ಮುಖ್ಯ ಆಧಾರಗಳಲ್ಲೊಂದು. ಆದುದರಿಂದ ಕಾರ್ಖಾನೆಗೆ ಜಾಗ ನೋಡುವ ಮುನ್ನವೇ ಆ ತಾಲ್ಲೂಕು ಯಾವ ವರ್ಗದಲ್ಲಿ, ಪ್ರಚಲಿತ ಕೈಗಾರಿಕಾ ನೀತಿಯ ಯಾವ ವಲಯದಲ್ಲಿ ಬರುತ್ತದೆಂದು ತಿಳಿದುಕೊಳ್ಳುವುದು ಲಾಭದಾಯಕ. ಒಂದೇ ಯಂತ್ರ, ಒಂದೇ ಬಂಡವಾಳವಿದ್ದರೂ ತಾಲ್ಲೂಕಿನ ಗಡಿ ದಾಟಿದರೆ ಸಹಾಯಧನದ ದರ ಬದಲಾಗಬಹುದು.

ಮೂರು ಬಗೆಯ ನೆರವು

ಸಾರ್ವಜನಿಕ ನಿಧಿ ಎಂದೊಡನೆ ಎಲ್ಲವನ್ನೂ ಒಂದೇ ಎಂದು ಭಾವಿಸುವುದು ಸರಿಯಲ್ಲ. ಉದ್ದಿಮೆದಾರರ ದೃಷ್ಟಿಯಿಂದ ಇದನ್ನು ಮೂರಾಗಿ ವಿಂಗಡಿಸಬಹುದು.

ಮೊದಲನೆಯದು, ಪ್ರದೇಶಕ್ಕೆ ಸಲ್ಲುವ ನಿಧಿ. ಸಂವಿಧಾನದ 98ನೇ ತಿದ್ದುಪಡಿಯ ಮೂಲಕ 371(ಜೆ) ವಿಧಿ ಸೇರ್ಪಡೆಯಾದ ನಂತರ, 2013ರಲ್ಲಿ ಈ ಭಾಗಕ್ಕೆ ಪ್ರತ್ಯೇಕ ಪ್ರದೇಶಾಭಿವೃದ್ಧಿ ಮಂಡಳಿ ಅಸ್ತಿತ್ವಕ್ಕೆ ಬಂದಿತು. ಇಂದಿನ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅದೇ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳು ಇದರ ವ್ಯಾಪ್ತಿಗೆ ಸೇರಿವೆ. ಮಂಡಳಿಗೆ 2022-23ರ ಆಯವ್ಯಯದಲ್ಲಿ 3,000 ಕೋಟಿ ರೂಪಾಯಿ, 2023-24ರಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಯಿತು. ಈ ಹಣವನ್ನು ರಸ್ತೆ, ಕುಡಿಯುವ ನೀರು, ಶಾಲೆ, ಆಸ್ಪತ್ರೆಯಂತಹ ಸಾರ್ವಜನಿಕ ಕಾಮಗಾರಿಗಳಿಗೆ ವಿನಿಯೋಗಿಸಲಾಗುತ್ತದೆ. ಖಾಸಗಿ ಕಾರ್ಖಾನೆಯ ಯಂತ್ರ ಖರೀದಿಗೆ ಮಂಡಳಿಯ ಬಾಗಿಲು ತಟ್ಟುವುದರಿಂದ ಪ್ರಯೋಜನವಿಲ್ಲ. ಹಾಗೆಂದು ಉದ್ದಿಮೆದಾರರಿಗೂ ಇದಕ್ಕೂ ಸಂಬಂಧವಿಲ್ಲವೆಂದಲ್ಲ. ಕಪನೂರು, ನಂದೂರು-ಕೆಸರಟಗಿ, ಹುಮನಾಬಾದ್, ಕಡೇಚೂರಿನಂತಹ ಕೈಗಾರಿಕಾ ಪ್ರದೇಶಗಳಿಗೆ ಸರಕು ಸಾಗುವ ರಸ್ತೆಯೊಂದು ಸುಧಾರಿಸಿದರೆ ಪ್ರತಿ ಲಾರಿಯ ಬಾಡಿಗೆಯಲ್ಲಿ ಆಗುವ ಉಳಿತಾಯ ವರ್ಷದಿಂದ ವರ್ಷಕ್ಕೆ ದೊರೆಯುತ್ತಲೇ ಇರುತ್ತದೆ. ಇಂತಹ ಬೇಡಿಕೆಯನ್ನು ಒಬ್ಬೊಬ್ಬರೇ ಹೇಳುವ ಬದಲು ವಾಣಿಜ್ಯ ಸಂಸ್ಥೆಯ ಮೂಲಕ, ಸಾಗುವ ಲಾರಿಗಳ ಸಂಖ್ಯೆ ಮತ್ತು ತೂಕದ ಲೆಕ್ಕದೊಂದಿಗೆ, ವಾರ್ಷಿಕ ಕ್ರಿಯಾ ಯೋಜನೆ ಸಿದ್ಧವಾಗುವ ಮುನ್ನವೇ ಶಾಸಕರಿಗೂ ಜಿಲ್ಲಾಡಳಿತಕ್ಕೂ ಸಲ್ಲಿಸಬೇಕು.

ಎರಡನೆಯದು, ಗುಂಪಿಗೆ ಸಲ್ಲುವ ನೆರವು. ಒಂದೇ ಕಸುಬಿನ ಹಲವು ಘಟಕಗಳು ಸೇರಿ ವಿಶೇಷ ಉದ್ದೇಶದ ಕಂಪನಿಯೊಂದನ್ನು ಸ್ಥಾಪಿಸಿ, ಎಲ್ಲರಿಗೂ ಬೇಕಾದ ಸೌಲಭ್ಯವನ್ನು ಸರ್ಕಾರದ ಅನುದಾನದಿಂದ ನಿರ್ಮಿಸಿಕೊಳ್ಳುವ ವ್ಯವಸ್ಥೆ ಇದು. ಬೆಳಗಾವಿಯ ಫೌಂಡ್ರಿ ಉದ್ದಿಮೆದಾರರು ಕೇಂದ್ರದ ಕೈಗಾರಿಕಾ ಮೂಲಸೌಕರ್ಯ ಉನ್ನತೀಕರಣ ಯೋಜನೆಯಡಿ ಕ್ಲಸ್ಟರ್ ರಚಿಸಿಕೊಂಡದ್ದು ನಮ್ಮ ರಾಜ್ಯದಲ್ಲೇ ಇರುವ ನಿದರ್ಶನ. ಬಳಸಿದ ಅಚ್ಚಿನ ಮರಳನ್ನು ಶುದ್ಧಗೊಳಿಸಿ ಮರುಬಳಸುವ ಘಟಕವನ್ನು ಒಂದೊಂದು ಸಣ್ಣ ಫೌಂಡ್ರಿ ಪ್ರತ್ಯೇಕವಾಗಿ ಹಾಕಿಕೊಳ್ಳುವುದು ಕಷ್ಟ, ಸೇರಿ ಹಾಕಿಕೊಳ್ಳುವುದು ಸಾಧ್ಯ. ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳ ಕ್ಲಸ್ಟರ್ ಅಭಿವೃದ್ಧಿ ಕಾರ್ಯಕ್ರಮದ 2022ರ ಮಾರ್ಗಸೂಚಿಯಂತೆ, ಸಾಮಾನ್ಯ ಸೌಲಭ್ಯ ಕೇಂದ್ರದ ವೆಚ್ಚ 5ರಿಂದ 10 ಕೋಟಿ ರೂಪಾಯಿಗಳಿದ್ದರೆ ಶೇ. 70, 10ರಿಂದ 30 ಕೋಟಿಗಳಿದ್ದರೆ ಶೇ. 60ರಷ್ಟು ಕೇಂದ್ರದ ಅನುದಾನಕ್ಕೆ ಅವಕಾಶ ಕಲ್ಪಿಸಲಾಗಿದೆ. ಉಳಿದುದನ್ನು ರಾಜ್ಯ ಸರ್ಕಾರ ಹಾಗೂ ಸದಸ್ಯ ಘಟಕಗಳು ಭರಿಸಬೇಕು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಬೇಳೆ ವರ್ಗೀಕರಣ, ಗುಣಮಟ್ಟ ಪರೀಕ್ಷೆ, ಪ್ಯಾಕಿಂಗ್ ಸೌಲಭ್ಯಗಳನ್ನು ದಾಲ್ ಮಿಲ್ಲುಗಳು ಸೇರಿ ಹೊಂದಿದರೆ ಆ ಮಾನ್ಯತೆಯ ಬೆಲೆ ಮಾರುಕಟ್ಟೆಯಲ್ಲಿಯೂ ಕಾಣಿಸೀತು.

ಮೂರನೆಯದು, ಘಟಕಕ್ಕೆ ನೇರವಾಗಿ ಸಲ್ಲುವ ಸಹಾಯಧನ ಮತ್ತು ವಿನಾಯಿತಿ. ರಾಜ್ಯದ ಕೈಗಾರಿಕಾ ನೀತಿಯಡಿಯ ಬಂಡವಾಳ ಸಹಾಯಧನ, ಮುದ್ರಾಂಕ ಶುಲ್ಕ ವಿನಾಯಿತಿ, ಭೂ ಪರಿವರ್ತನಾ ಶುಲ್ಕದ ಮರುಪಾವತಿ ಮುಂತಾದವು ಇಲ್ಲಿ ಬರುತ್ತವೆ. ಕೇಂದ್ರದ ಯೋಜನೆಗಳ ಪೈಕಿ ಪ್ರಧಾನ ಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮವು ಮುಖ್ಯವಾದುದು. 2022ರ ಪರಿಷ್ಕರಣೆಯಂತೆ ತಯಾರಿಕಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷ ರೂಪಾಯಿ ಯೋಜನಾ ವೆಚ್ಚದ ಮಿತಿಯಿದೆ. ಸಾಮಾನ್ಯ ವರ್ಗದವರಿಗೆ ನಗರದಲ್ಲಿ ಶೇ. 15, ಗ್ರಾಮಾಂತರದಲ್ಲಿ ಶೇ. 25, ವಿಶೇಷ ವರ್ಗದವರಿಗೆ ಕ್ರಮವಾಗಿ ಶೇ. 25 ಮತ್ತು ಶೇ. 35ರ ಸಹಾಯಧನ. ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು, ಮಹಿಳೆಯರು ವಿಶೇಷ ವರ್ಗಕ್ಕೆ ಸೇರುತ್ತಾರೆ. ಮಹತ್ವಾಕಾಂಕ್ಷಿ ಜಿಲ್ಲೆಗಳ ಅರ್ಜಿದಾರರಿಗೂ ಇದೇ ದರ ಅನ್ವಯಿಸುತ್ತದೆ. ನಮ್ಮ ರಾಜ್ಯದ ರಾಯಚೂರು ಮತ್ತು ಯಾದಗಿರಿ ಜಿಲ್ಲೆಗಳು ಆ ಪಟ್ಟಿಯಲ್ಲಿವೆ. ಈ ಪರಿಷ್ಕೃತ ಕಾರ್ಯಕ್ರಮದ ಅನುಮೋದನೆ 2025-26ನೇ ಸಾಲಿನವರೆಗಿನದಾದ್ದರಿಂದ ಮುಂದುವರಿಕೆಯ ಆದೇಶವನ್ನು ಖಚಿತಪಡಿಸಿಕೊಂಡೇ ಅರ್ಜಿ ಸಲ್ಲಿಸಬೇಕು.

ಸಹಾಯಧನ ಕೈಗೆ ಬರುವುದು ಯಾವಾಗ?

ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ. ಉದ್ಯೋಗ ಸೃಜನ ಕಾರ್ಯಕ್ರಮವನ್ನೇ ನೋಡೋಣ. ಗ್ರಾಮಾಂತರದಲ್ಲಿ 40 ಲಕ್ಷ ರೂಪಾಯಿ ವೆಚ್ಚದ ಘಟಕ ಹಾಕುವ ಸಾಮಾನ್ಯ ವರ್ಗದ ಉದ್ದಿಮೆದಾರರು ಶೇ. 10ರಂತೆ 4 ಲಕ್ಷ ರೂಪಾಯಿ ತಾವೇ ಹಾಕಬೇಕು. ಬ್ಯಾಂಕು 36 ಲಕ್ಷ ಮಂಜೂರು ಮಾಡುತ್ತದೆ. 10 ಲಕ್ಷ ರೂಪಾಯಿ ಸಹಾಯಧನ ಬ್ಯಾಂಕಿಗೆ ಬಂದರೂ ಅದು 3 ವರ್ಷ ಠೇವಣಿಯಾಗಿಯೇ ಉಳಿಯುತ್ತದೆ. ಆ ಠೇವಣಿಗೆ ಬಡ್ಡಿ ಇಲ್ಲ. ಸಾಲದ ಅಷ್ಟು ಭಾಗಕ್ಕೂ ಬಡ್ಡಿ ವಿಧಿಸುವುದಿಲ್ಲ. ಘಟಕ ನಡೆಯುತ್ತಿದೆಯೆಂದು ಸ್ಥಳ ಪರಿಶೀಲನೆಯಲ್ಲಿ ದೃಢಪಟ್ಟ ಬಳಿಕವಷ್ಟೇ ಅದು ಸಾಲಕ್ಕೆ ಜಮೆಯಾಗುತ್ತದೆ. ಅಂದರೆ ಸಹಾಯಧನವು ಕಾರ್ಖಾನೆ ಕಟ್ಟಲು ಕೊಡುವ ಹಣವಲ್ಲ, ಕಟ್ಟಿ ನಡೆಸಿದವರಿಗೆ ಸಲ್ಲುವ ಹಣ.

ರಾಜ್ಯದ ಬಂಡವಾಳ ಸಹಾಯಧನದ ಕ್ರಮವೂ ಹೆಚ್ಚುಕಡಿಮೆ ಇದೇ. ಉತ್ಪಾದನೆ ಆರಂಭವಾಗಿ, ದಾಖಲೆಗಳು ಪರಿಶೀಲನೆಗೊಂಡು, ಮಂಜೂರಾತಿ ದೊರೆತು, ಹಣ ಬಿಡುಗಡೆಯಾಗುವವರೆಗೆ ಕಾಯಬೇಕು. ಮಂಜೂರಾತಿ ಬೇರೆ, ಬಿಡುಗಡೆ ಬೇರೆ ಎಂಬುದನ್ನು ಮರೆಯಬಾರದು.

ಕಾಯುವಿಕೆಯ ಬೆಲೆ ಎಷ್ಟೆಂಬುದಕ್ಕೆ ಒಂದು ಕಾಲ್ಪನಿಕ ಲೆಕ್ಕ ನೋಡಿ. ದಾಲ್ ಮಿಲ್ಲೊಂದರ ಒಟ್ಟು ವೆಚ್ಚ 80 ಲಕ್ಷ ರೂಪಾಯಿ: ಜಮೀನು 10 ಲಕ್ಷ, ಕಟ್ಟಡ 20 ಲಕ್ಷ, ಯಂತ್ರೋಪಕರಣ 40 ಲಕ್ಷ, ದುಡಿಯುವ ಬಂಡವಾಳ 10 ಲಕ್ಷ. ಜಮೀನು ಮತ್ತು ದುಡಿಯುವ ಬಂಡವಾಳವನ್ನು ಬಿಟ್ಟು 60 ಲಕ್ಷಕ್ಕೆ ಶೇ. 20ರಂತೆ ಸಹಾಯಧನ ಸಿಗುವುದಾದರೆ 12 ಲಕ್ಷ ರೂಪಾಯಿ. ಬ್ಯಾಂಕು ಶೇ. 25ರಂತೆ 20 ಲಕ್ಷ ಸ್ವಂತ ಬಂಡವಾಳ ಕೇಳುತ್ತದೆ. ಉದ್ದಿಮೆದಾರರ ಬಳಿ ಇರುವುದು 8 ಲಕ್ಷ. ‘ಹೇಗೂ 12 ಲಕ್ಷ ಬರುತ್ತದಲ್ಲ’ ಎಂದು ಅಷ್ಟನ್ನೂ ತಿಂಗಳಿಗೆ ಶೇ. 2ರ ಬಡ್ಡಿಗೆ ಖಾಸಗಿಯಾಗಿ ತಂದರೆ ತಿಂಗಳ ಬಡ್ಡಿಯೇ 24,000 ರೂಪಾಯಿ. ಸಹಾಯಧನ 18 ತಿಂಗಳ ನಂತರ ಬಂದಿತೆನ್ನಿ. ಅಷ್ಟರಲ್ಲಿ 4,32,000 ರೂಪಾಯಿ, ಅಂದರೆ ಸಹಾಯಧನದ ಶೇ. 36 ಭಾಗ, ಬಡ್ಡಿಗೇ ಹೋಗಿರುತ್ತದೆ. ಎರಡು ವರ್ಷ ತಡವಾದರೆ ಹೋಗುವುದು 5,76,000 ರೂಪಾಯಿ, ಹೆಚ್ಚುಕಡಿಮೆ ಅರ್ಧ. ತೊಗರಿ ಖರೀದಿಯ ಹಂಗಾಮಿನಲ್ಲಿ ಕೈಯಲ್ಲಿರಬೇಕಾದ ಹಣ ಬಡ್ಡಿಗೆ ಹೋದರೆ ಮಿಲ್ಲು ಇದ್ದೂ ನಿಂತಂತೆ. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದರು ಎಂಬ ಹಿರಿಯರ ಮಾತು ಇಂತಹ ಸಂದರ್ಭಕ್ಕೇ ಹೇಳಿದಂತಿದೆ.

ಇದೇ ಉದ್ದಿಮೆದಾರರು ಮೊದಲು ಸಣ್ಣ ಸಾಮರ್ಥ್ಯದ ಯಂತ್ರದೊಂದಿಗೆ, 8 ಲಕ್ಷಕ್ಕೆ ಹೊಂದುವ 32 ಲಕ್ಷದ ಯೋಜನೆಯಿಂದ ಆರಂಭಿಸಿ, ಬಂದ ಸಹಾಯಧನವನ್ನು ವಿಸ್ತರಣೆಗೆ ಬಳಸಿದ್ದರೆ ಅದೇ ನಿಧಿ ಆಸರೆಯಾಗುತ್ತಿತ್ತು. ಅಡಮಾನದ ಕೊರತೆಯಿರುವವರು ಖಾಸಗಿ ಸಾಲದ ಬದಲು 2000ದಲ್ಲಿ ಸ್ಥಾಪಿತವಾದ ಸಾಲ ಖಾತರಿ ನಿಧಿ ಟ್ರಸ್ಟಿನ ಖಾತರಿಯಡಿ ಬ್ಯಾಂಕ್ ಸಾಲವನ್ನು ಕೇಳಬಹುದು. ಅತಿಸಣ್ಣ ಮತ್ತು ಸಣ್ಣ ಉದ್ದಿಮೆಗಳಿಗೆ ಈ ಖಾತರಿಯ ಸಾಲದ ಮಿತಿಯನ್ನು 2025ರ ಏಪ್ರಿಲ್‌ನಿಂದ 10 ಕೋಟಿ ರೂಪಾಯಿಗೆ ಏರಿಸಲಾಗಿದೆ.

ಅನುಸರಿಸಬೇಕಾದ ಕ್ರಮ

1. ನೋಂದಣಿ: ಉದ್ಯಮ್ ನೋಂದಣಿ ಮೊದಲ ಹೆಜ್ಜೆ. 2025ರ ಏಪ್ರಿಲ್ 1ರಿಂದ ಜಾರಿಗೆ ಬಂದ ವ್ಯಾಖ್ಯೆಯಂತೆ ಯಂತ್ರೋಪಕರಣಗಳ ಹೂಡಿಕೆ 2.5 ಕೋಟಿ ಮತ್ತು ವಹಿವಾಟು 10 ಕೋಟಿ ರೂಪಾಯಿವರೆಗೆ ಅತಿಸಣ್ಣ, 25 ಕೋಟಿ ಮತ್ತು 100 ಕೋಟಿವರೆಗೆ ಸಣ್ಣ, 125 ಕೋಟಿ ಮತ್ತು 500 ಕೋಟಿವರೆಗೆ ಮಧ್ಯಮ ಉದ್ದಿಮೆ.

2. ಅನುಮೋದನೆ: 15 ಕೋಟಿ ರೂಪಾಯಿವರೆಗಿನ ಯೋಜನೆಗಳು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿಯ ಮುಂದೆ ಬರುತ್ತವೆ. ಇದಕ್ಕೆ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬೇಕು.

3. ಸಮಯ: ಮುದ್ರಾಂಕ ಶುಲ್ಕದ ವಿನಾಯಿತಿಗೆ ಪತ್ರ ನೋಂದಾಯಿಸುವ ಮೊದಲೇ ಪ್ರಮಾಣಪತ್ರ ಪಡೆಯಬೇಕು. ಶುಲ್ಕ ಕಟ್ಟಿದ ಮೇಲೆ ವಿನಾಯಿತಿ ಕೇಳುವುದು ವ್ಯರ್ಥ ಅಲೆದಾಟ. ಉದ್ಯೋಗ ಸೃಜನ ಕಾರ್ಯಕ್ರಮದ ಮೊದಲ ಸಾಲವೂ ಹೊಸ ಘಟಕಗಳಿಗೆ ಮಾತ್ರ ಸಲ್ಲುತ್ತದೆ. ಯಂತ್ರ ತಂದು ಉತ್ಪಾದನೆ ಆರಂಭಿಸಿದ ಬಳಿಕ ಅರ್ಜಿ ಹಾಕಿದರೆ ಪ್ರಯೋಜನವಿಲ್ಲ.

4. ದಾಖಲೆ: ಯಂತ್ರಗಳ ಬಿಲ್ಲು, ಬ್ಯಾಂಕಿನ ಮೂಲಕ ಪಾವತಿಸಿದ ಪುರಾವೆ, ಸಾಲ ಮಂಜೂರಾತಿ ಪತ್ರ, ವಿದ್ಯುತ್ ಸಂಪರ್ಕದ ದಾಖಲೆ, ಮೊದಲ ಮಾರಾಟದ ಬಿಲ್ಲು, ಲೆಕ್ಕಪರಿಶೋಧಕರ ಪ್ರಮಾಣಪತ್ರ ಇವೆಲ್ಲವನ್ನೂ ಮೊದಲ ದಿನದಿಂದಲೇ ಒಂದು ಕಡತದಲ್ಲಿಡಬೇಕು. ನಗದು ಕೊಟ್ಟು ಕೊಂಡ ಯಂತ್ರ ಎದುರಿಗೇ ಇದ್ದರೂ ಪುರಾವೆಯಿಲ್ಲದಿದ್ದರೆ ಲೆಕ್ಕಕ್ಕೆ ಬಾರದೆ ಹೋಗಬಹುದು.

5. ಎರಡು ಸಹಾಯಧನ: ಬೇರೆ ಸರ್ಕಾರಿ ಯೋಜನೆಯ ಸಹಾಯಧನ ಪಡೆದ ಘಟಕ ಉದ್ಯೋಗ ಸೃಜನ ಕಾರ್ಯಕ್ರಮಕ್ಕೆ ಅರ್ಹವಲ್ಲ. ಯಾವುದು ಹೆಚ್ಚು ಅನುಕೂಲವೆಂದು ಮೊದಲೇ ತೂಗಿ ನೋಡಿ ಒಂದನ್ನು ಆರಿಸಿಕೊಳ್ಳಬೇಕು.

6. ಷರತ್ತುಗಳು: ರಾಜ್ಯದ ನೀತಿಯ ಪ್ರೋತ್ಸಾಹಕಗಳಿಗೆ ಸ್ಥಳೀಯರಿಗೆ ಉದ್ಯೋಗ ನೀಡುವ ಷರತ್ತೂ ಸೇರಿರುತ್ತದೆ. ಹಾಜರಿ ಮತ್ತು ವೇತನದ ಪುಸ್ತಕಗಳು ಸರಿಯಾಗಿರಬೇಕು. ಸಹಾಯಧನ ಪಡೆದ ಬಳಿಕ ಘಟಕ ಮುಚ್ಚಿದರೆ ಅಥವಾ ಯಂತ್ರ ಮಾರಿದರೆ ವಸೂಲಾತಿಯ ಕ್ರಮಕ್ಕೆ ಗುರಿಯಾಗಬೇಕಾದೀತು.

7. ತೆರಿಗೆ: ಯಂತ್ರ ಅಥವಾ ಕಟ್ಟಡಕ್ಕಾಗಿ ಬಂದ ಸಹಾಯಧನವನ್ನು ಆ ಆಸ್ತಿಯ ಬೆಲೆಯಿಂದ ಕಳೆದೇ ಸವಕಳಿ ಲೆಕ್ಕ ಹಾಕುವುದು ನಿಯಮ. ಈ ಬಗ್ಗೆ ತಮ್ಮ ಲೆಕ್ಕಪರಿಶೋಧಕರ ಸಲಹೆ ಪಡೆಯಬೇಕು.

ಯೋಜನೆಗೆ ಆಯುಷ್ಯವಿದೆ

ಯಾವ ಯೋಜನೆಯೂ ಶಾಶ್ವತವಲ್ಲ. ಹೊಸ ಯಂತ್ರ ಖರೀದಿಗೆ 1 ಕೋಟಿ ರೂಪಾಯಿವರೆಗಿನ ಹೂಡಿಕೆಯ ಮೇಲೆ ಶೇ. 15ರ ನೆರವು ನೀಡುತ್ತಿದ್ದ ಸಾಲಾಧಾರಿತ ಬಂಡವಾಳ ಸಹಾಯಧನ ಯೋಜನೆ ಬಹುಕಾಲ ನಡೆದು 2020ರ ಮಾರ್ಚ್‌ನಲ್ಲಿ ಕೊನೆಗೊಂಡಿತು. ನಾಳೆ ಅರ್ಜಿ ಹಾಕೋಣವೆಂದು ಮುಂದೂಡುತ್ತ ಬಂದವರಿಗೆ ಆ ನಾಳೆ ಬರಲಿಲ್ಲ. ರಾಜ್ಯದ 2020-25ರ ಕೈಗಾರಿಕಾ ನೀತಿಯ ನಂತರ 2025-30ರ ನೀತಿ ಬಂದಿದೆ. ಹಳೆಯ ನೀತಿಯ ದರಗಳನ್ನು ನಂಬಿ ಹೊಸ ಯೋಜನಾ ವರದಿ ಬರೆಸುವುದು ಅಪಾಯಕಾರಿ. ಮಧ್ಯವರ್ತಿಗಳ ಬಾಯಿಮಾತಿಗಿಂತ ಸರ್ಕಾರಿ ಆದೇಶದ ಪ್ರತಿಯನ್ನೇ ಓದಿಕೊಳ್ಳುವುದು ಲೇಸು.

ಉಪಸಂಹಾರ

ಸಾರಾಂಶವಾಗಿ ಹೇಳುವುದಾದರೆ, ಹೂಡಿಕೆಯ ನಿರ್ಧಾರಕ್ಕೆ ಮಾರುಕಟ್ಟೆಯೇ ಆಧಾರವಾಗಿರಬೇಕು. ಯೋಜನಾ ವರದಿಯನ್ನು ಎರಡು ಬಾರಿ ಬರೆಸಿ ನೋಡಿ: ಒಮ್ಮೆ ಸಹಾಯಧನ ಸೇರಿಸಿ, ಇನ್ನೊಮ್ಮೆ ಸಹಾಯಧನ ಇಲ್ಲದೆ. ಎರಡನೆಯ ವರದಿಯಲ್ಲಿ ಸಾಲದ ಕಂತು ಕಟ್ಟಿ ಉದ್ದಿಮೆ ನಿಲ್ಲಬಲ್ಲುದಾದರೆ ಧೈರ್ಯವಾಗಿ ಮುಂದುವರಿಯಿರಿ. ನಿಲ್ಲದಿದ್ದರೆ ಯೋಜನೆಯ ಗಾತ್ರವನ್ನು ತಗ್ಗಿಸಿ. ಸಾರ್ವಜನಿಕ ನಿಧಿಯು ಜನರ ತೆರಿಗೆಯ ಹಣ. ಅದನ್ನು ಹಕ್ಕಿನಿಂದ ಕೇಳುವುದು ಎಷ್ಟು ಸರಿಯೋ, ಅದರಿಂದ ಕಟ್ಟಿದ ಘಟಕವನ್ನು ನಡೆಸಿ ನಾಲ್ಕು ಜನರಿಗೆ ಕೆಲಸ ಕೊಡುವುದೂ ಅಷ್ಟೇ ಕರ್ತವ್ಯ. ಸದಸ್ಯ ಬಾಂಧವರು ಅರ್ಜಿ ಸಲ್ಲಿಸುವ ಮುನ್ನ ತಮ್ಮ ಯೋಜನಾ ವರದಿ ಹಾಗೂ ದಾಖಲೆಗಳ ಕಡತದೊಂದಿಗೆ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಭೇಟಿ ನೀಡಿ, ತಮಗೆ ಅನ್ವಯಿಸುವ ಆದೇಶಗಳನ್ನು ಲಿಖಿತವಾಗಿಯೇ ಪಡೆದುಕೊಳ್ಳುವುದು ಒಳಿತು.