ಅಂಗಡಿಯ ಗಣಕಯಂತ್ರದ ಎಸ್‌ಎಂಪಿಎಸ್: ಜೋಡಣೆಗೆ ಮುನ್ನ ಪರೀಕ್ಷೆ

ಇಂಡಿ ತಾಲೂಕಿನ ಲಚ್ಯಾಣದಂತಹ ಊರುಗಳಲ್ಲಿಯೂ ಇಂದು ಅನೇಕ ವರ್ತಕರ ಕೀರ್ದಿ, ಖತಾವಣಿಗಳು ಗಣಕಯಂತ್ರದಲ್ಲಿವೆ. ಕಂಪನಿಯ ಸಿದ್ಧ ಯಂತ್ರಕ್ಕೆ ಬದಲಾಗಿ, ಸೋಲಾಪುರ, ವಿಜಯಪುರ ಅಥವಾ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬಿಡಿಭಾಗಗಳನ್ನು ತರಿಸಿ ಮನೆಯಲ್ಲಿಯೇ ಯಂತ್ರವನ್ನು ಜೋಡಿಸಿಕೊಳ್ಳುವವರೂ ಇದ್ದಾರೆ. ಹೀಗೆ ಜೋಡಿಸುವಾಗ ಪ್ರೊಸೆಸರ್, ಮೆಮೊರಿಗಳ ಆಯ್ಕೆಗೆ ತೋರುವ ಎಚ್ಚರವನ್ನು ವಿದ್ಯುತ್ ಪೂರೈಸುವ ಎಸ್‌ಎಂಪಿಎಸ್‌ಗೆ ತೋರುವುದು ವಿರಳ. ಉಳಿತಾಯದ ಕತ್ತರಿ ಮೊದಲು ಬೀಳುವುದು ಅದರ ಮೇಲೆಯೇ.

ಈ ಉಳಿತಾಯವನ್ನು ಲೆಕ್ಕಕ್ಕೆ ಹಚ್ಚಿ ನೋಡಬೇಕು. ಎಸ್‌ಎಂಪಿಎಸ್ ಸುಟ್ಟರೆ ಹೊಸದನ್ನು ಕೊಳ್ಳಬಹುದು. ಆದರೆ ಅದು ಸುಡುವಾಗ ಹಾರ್ಡ್ ಡಿಸ್ಕನ್ನೂ ಕೆಡಿಸಿದರೆ ನಷ್ಟವಾಗುವುದು ಲೆಕ್ಕಪತ್ರ. ಕೇಂದ್ರ ಜಿಎಸ್‌ಟಿ ಕಾಯ್ದೆ, 2017ರ ಕಲಂ 36ರ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನದಿಂದ 72 ತಿಂಗಳವರೆಗೆ ಲೆಕ್ಕಪತ್ರಗಳನ್ನು ಕಾಯ್ದಿಡಬೇಕು. ಬಿಡಿಭಾಗದ ವಾರಂಟಿಯು ಸಾಮಾನ್ಯವಾಗಿ ಬಿಡಿಭಾಗಕ್ಕೆ ಮಾತ್ರ. ಕಳೆದ ಮಾಹಿತಿಗೆ ಅಲ್ಲ.

ಖರೀದಿಯಲ್ಲಿ ನೋಡತಕ್ಕದ್ದು

ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಮುದ್ರಿಸಿದ ವ್ಯಾಟ್ ಸಂಖ್ಯೆಯನ್ನು ಮುಖಬೆಲೆ ಎಂದು ತಿಳಿಯಬೇಕು. ನಿಜವಾದ ಮೌಲ್ಯ ಪಕ್ಕದ ಚೀಟಿಯಲ್ಲಿರುತ್ತದೆ. ಇಂದಿನ ಯಂತ್ರಗಳು ಬಹುಪಾಲು ವಿದ್ಯುತ್ತನ್ನು 12 ವೋಲ್ಟ್ ಮಾರ್ಗದಿಂದಲೇ ಪಡೆಯುತ್ತವೆ. ಉದಾಹರಣೆಗೆ, ಹೊರಗೆ 450 ಎಂದಿದ್ದು ಚೀಟಿಯಲ್ಲಿ 12 ವೋಲ್ಟ್‌ಗೆ 14 ಆಂಪಿಯರ್ ಎಂದಿದ್ದರೆ, ಆ ಮಾರ್ಗದಲ್ಲಿ ದೊರೆಯುವುದು 168 ವ್ಯಾಟ್ ಮಾತ್ರ. ಬಿಐಎಸ್ ನೋಂದಣಿಯ ಗುರುತನ್ನೂ, 2004ರಲ್ಲಿ ಆರಂಭವಾದ 80 ಪ್ಲಸ್ ದಕ್ಷತಾ ಪ್ರಮಾಣದ ಗುರುತನ್ನೂ ಗಮನಿಸುವುದು ಲೇಸು. ಹಳೆಯ ಮಾದರಿಗಳ ಹಿಂಬದಿಯಲ್ಲಿ 115/230 ಎಂಬ ಗುಂಡಿ ಇದ್ದರೆ ಅದು 230ರಲ್ಲಿಯೇ ಇರಬೇಕು.

ಗೋಡೆಯಿಂದ ಆರಂಭ

ಹೆಸ್ಕಾಂ ವ್ಯಾಪ್ತಿಯ ಸಿಂಗಲ್ ಫೇಸ್ ಸಂಪರ್ಕದ ನಿಗದಿತ ವೋಲ್ಟೇಜ್ 230. ಯಂತ್ರವನ್ನು ಇಡುವ ಜಾಗದ ಮೂರು ಪಿನ್ ಸಾಕೆಟ್ಟನ್ನು ಪರವಾನಗಿಯುಳ್ಳ ವೈರ್‌ಮನ್‌ರಿಂದ ಅಳೆಯಿಸಬೇಕು. ಫೇಸ್ ಮತ್ತು ನ್ಯೂಟ್ರಲ್ ನಡುವೆ, ಹಾಗೆಯೇ ಫೇಸ್ ಮತ್ತು ಅರ್ಥ್ ನಡುವೆ 230ರ ಆಸುಪಾಸು ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಶೂನ್ಯದ ಸಮೀಪ ಇರಬೇಕು. ಅರ್ಥಿಂಗ್ ಇಲ್ಲದ ಕಡೆ ಎಷ್ಟು ಬೆಲೆಯ ಎಸ್‌ಎಂಪಿಎಸ್ ಹಾಕಿದರೂ ಕ್ಯಾಬಿನೆಟ್ ಮುಟ್ಟಿದವರಿಗೆ ಜುಮ್ಮೆನ್ನುವುದು ತಪ್ಪದು.

ಪರೀಕ್ಷೆಯ ಕ್ರಮ

ಪರೀಕ್ಷೆಯನ್ನು ಕ್ಯಾಬಿನೆಟ್‌ನ ಹೊರಗೆ, ಒಣ ಮರದ ಮೇಜಿನ ಮೇಲೆ, ಮದರ್‌ಬೋರ್ಡ್‌ಗೆ ಜೋಡಿಸದೆ ನಡೆಸಬೇಕು. ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಅದರ ಕಪ್ಪು ಕಡ್ಡಿಯನ್ನು ಯಾವುದಾದರೊಂದು ಕಪ್ಪು ತಂತಿಯ ತುದಿಗೆ ಹಿಡಿಯಬೇಕು.

ಮೊದಲಿಗೆ ಸ್ವಿಚ್ ಹಾಕಿ 24 ಪಿನ್ ಕನೆಕ್ಟರ್‌ನ ನೇರಳೆ ತಂತಿಯನ್ನು ಅಳೆಯಬೇಕು. ಯಂತ್ರ ಆರಿದ್ದರೂ ಇಲ್ಲಿ 5 ವೋಲ್ಟ್ ಇರತಕ್ಕದ್ದು. ಬಳಿಕ ಸ್ವಿಚ್ ಆರಿಸಿ, ಭಾರಕ್ಕಾಗಿ ಉಪಯೋಗದಲ್ಲಿಲ್ಲದ ಹಳೆಯ ಹಾರ್ಡ್ ಡಿಸ್ಕ್ ಅಥವಾ ಕ್ಯಾಬಿನೆಟ್ ಫ್ಯಾನ್ ಜೋಡಿಸಬೇಕು. ಹಸಿರು ತಂತಿಯ ತುದಿಗೂ ಪಕ್ಕದ ಕಪ್ಪು ತಂತಿಯ ತುದಿಗೂ ಒಂದು ಸಣ್ಣ ತಂತಿಯ ತುಂಡನ್ನು ಸೇರಿಸಿ ಮತ್ತೆ ಸ್ವಿಚ್ ಹಾಕಿದರೆ ಎಸ್‌ಎಂಪಿಎಸ್ ಚಾಲನೆಗೊಳ್ಳುತ್ತದೆ. ಆಗ ಸಾಮಾನ್ಯವಾಗಿ ಶೇ. 5ರ ಏರಿಳಿತದ ಮಿತಿಯಲ್ಲಿ ಈ ಅಳತೆಗಳು ಸಿಗಬೇಕು:

ಹಳದಿ ತಂತಿ: 11.40ರಿಂದ 12.60 ವೋಲ್ಟ್
ಕೆಂಪು ತಂತಿ: 4.75ರಿಂದ 5.25 ವೋಲ್ಟ್
ಕಿತ್ತಳೆ ತಂತಿ: 3.14ರಿಂದ 3.47 ವೋಲ್ಟ್
ಬೂದು ತಂತಿ: ಸುಮಾರು 5 ವೋಲ್ಟ್

ಬೂದು ತಂತಿಯು ಎಲ್ಲ ಮಾರ್ಗಗಳೂ ಸ್ಥಿರವಾಗಿವೆ ಎಂದು ಮದರ್‌ಬೋರ್ಡ್‌ಗೆ ತಿಳಿಸುವ ಸಂಕೇತ. ಎಲ್ಲ ತಂತಿಗಳೂ ಕಪ್ಪಾಗಿರುವ ಹೊಸ ಮಾದರಿಗಳಲ್ಲಿ ಬಣ್ಣವನ್ನು ಊಹಿಸಿ ತಂತಿ ಸೇರಿಸಬಾರದು. ಕಡಿಮೆ ಬೆಲೆಗೆ ದೊರೆಯುವ ಎಸ್‌ಎಂಪಿಎಸ್ ಟೆಸ್ಟರ್ ಬಳಸಬೇಕು. ಈ ಪರೀಕ್ಷೆಯಲ್ಲಿ ಅನುತ್ತೀರ್ಣವಾದದ್ದನ್ನು ಹಿಂದಿರುಗಿಸಬೇಕು. ಉತ್ತೀರ್ಣವಾದದ್ದು ಪೂರ್ಣ ಭಾರವನ್ನು ತಾಳುವುದೆಂಬ ಖಾತ್ರಿ ಮಾತ್ರ ಇದರಿಂದ ದೊರೆಯದು. ಯಾವ ಕಾರಣಕ್ಕೂ ಎಸ್‌ಎಂಪಿಎಸ್‌ನ ಮುಚ್ಚಳ ತೆಗೆಯಬಾರದು. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ 300 ವೋಲ್ಟ್ ಮೀರಿದ ಅಪಾಯಕಾರಿ ವಿದ್ಯುತ್ ಉಳಿದಿರಬಹುದು.

ಜೋಡಣೆ: ಲೆಕ್ಕದ ಡಿಸ್ಕ್ ಕೊನೆಗೆ

ಪ್ಲಗ್ ತೆಗೆದು, ನಾಲ್ಕು ಸ್ಕ್ರೂಗಳಿಂದ ಎಸ್‌ಎಂಪಿಎಸ್ ಬಿಗಿದು, ಅದರ ಫ್ಯಾನ್ ಗಾಳಿಕಿಂಡಿಯತ್ತ ಇರುವಂತೆ ನೋಡಿಕೊಳ್ಳಬೇಕು. ಮದರ್‌ಬೋರ್ಡ್‌ನ 24 ಪಿನ್ ಮತ್ತು ಪ್ರೊಸೆಸರ್ ಪಕ್ಕದ 4 ಅಥವಾ 8 ಪಿನ್ ಕನೆಕ್ಟರ್‌ಗಳನ್ನು ಕೊಂಡಿ ಕಚ್ಚುವವರೆಗೆ ಕೂಡಿಸಬೇಕು. ಗ್ರಾಫಿಕ್ಸ್ ಕಾರ್ಡಿನ 8 ಪಿನ್ ಕನೆಕ್ಟರ್ ಬೇರೆ; ಅದನ್ನು ಪ್ರೊಸೆಸರ್ ಜಾಗಕ್ಕೆ ಬಲವಂತದಿಂದ ತುರುಕಬಾರದು. ತಂತಿಗಳನ್ನು ಬಿಚ್ಚಿ ಹಾಕುವ ಮಾದರಿಯಾದರೆ ಹಳೆಯ ಎಸ್‌ಎಂಪಿಎಸ್‌ನ ತಂತಿಗಳನ್ನು ಹೊಸದಕ್ಕೆ ಬಳಸಲೇಬಾರದು. ತುದಿ ಕೂಡಿದರೂ ಒಳಗಿನ ಕ್ರಮ ಬೇರೆಯಾಗಿರಬಹುದು, ಆಗ ಡಿಸ್ಕ್ ಸುಡುತ್ತದೆ.

ಲೆಕ್ಕಪತ್ರವುಳ್ಳ ಡಿಸ್ಕನ್ನು ಈ ಹಂತದಲ್ಲಿ ಜೋಡಿಸದೆ ಯಂತ್ರವನ್ನು ಚಾಲನೆ ಮಾಡಿ, ಪರದೆಯ ಮೇಲೆ ಬಯೋಸ್ ಕಾಣಿಸಿಕೊಂಡು ಅರ್ಧ ಗಂಟೆ ಸ್ಥಿರವಾಗಿ ನಿಂತ ನಂತರವೇ, ಪ್ಲಗ್ ಕಿತ್ತು, ಅದನ್ನು ಕೂಡಿಸಬೇಕು. ಅದಕ್ಕೂ ಮೊದಲು ಆ ಡಿಸ್ಕಿನ ಮಾಹಿತಿಯ ಒಂದು ಪ್ರತಿ ಬೇರೆಡೆ ಇರುವುದು ಕ್ಷೇಮ.

ಲೆಕ್ಕದ ದೃಷ್ಟಿಯಿಂದ ಎರಡು ಮಾತು. ಕೆಟ್ಟ ಎಸ್‌ಎಂಪಿಎಸ್ ಬದಲಿಸಿದ ವೆಚ್ಚವು ಸಾಮಾನ್ಯವಾಗಿ ದುರಸ್ತಿ ಖರ್ಚು. ಹೊಸ ಯಂತ್ರ ಕಟ್ಟುವಾಗ ಅದೇ ವೆಚ್ಚ ಯಂತ್ರದ ಬಂಡವಾಳ ಮೌಲ್ಯಕ್ಕೆ ಸೇರುತ್ತದೆ. ಬಿಲ್ಲಿಲ್ಲದೆ ಕೊಂಡ ವಸ್ತುವಿಗೆ ವಾರಂಟಿ ಕೇಳುವುದು ಕಷ್ಟ, ಹೂಡುವಳಿ ತೆರಿಗೆ ಜಮೆಯಂತೂ ದೊರೆಯದು. ಆದ್ದರಿಂದ ಜಿಎಸ್‌ಟಿ ಸಂಖ್ಯೆಯುಳ್ಳ ಬಿಲ್ಲನ್ನು ಕೇಳಿ ಪಡೆದು, ಎಸ್‌ಎಂಪಿಎಸ್‌ನ ಕ್ರಮಸಂಖ್ಯೆಯನ್ನು ಅದರ ಮೇಲೆ ಬರೆಯಿಸಿ, ಪರೀಕ್ಷೆಯ ಅಳತೆಗಳನ್ನೂ ದಿನಾಂಕದೊಂದಿಗೆ ಅದರ ಬೆನ್ನಿಗೆ ನಮೂದಿಸಿಡುವುದು ಯೋಗ್ಯ.