ಕೊನೆಯ ಹೊಲಕ್ಕೂ ನೀರು

ಮಲ್ಲಟ, ಸಿರವಾರ, ಮಾನ್ವಿ ಕಡೆಯ ಭಕ್ತರು ಮಳೆಗಾಲದಲ್ಲಿ ಮಠಕ್ಕೆ ಬಂದರೆ ಕೇಳುವ ಮಾತು ಒಂದೇ: 'ಅಪ್ಪಾಜಿ, ಈ ಸಲ ನಮ್ಮ ತೂಬಿಗೆ ನೀರು ಬರ್ತಾವೇನ್ರಿ?' ಅಣೆಕಟ್ಟೆಯ ಗೇಟಿನ ಕೀಲಿಕೈ ಮಠದಲ್ಲಿ ಇಲ್ಲ. ಆದರೂ ಕೇಳುತ್ತಾರೆ. ಕೇಳುವವರ ಮುಖದಲ್ಲಿ ಸಾಲದ ಚಿಂತೆ, ಮಕ್ಕಳು ಬೆಂಗಳೂರಿಗೆ ಗುಳೆ ಹೋದಾರೆಂಬ ಅಂಜಿಕೆ ಕಾಣುತ್ತದೆ. ಆ ಪ್ರಶ್ನೆಗೆ ಧರ್ಮದಲ್ಲಿ ಉತ್ತರವೇನಿದೆ ಎಂಬುದನ್ನು ಇಂದು ವಿಚಾರ ಮಾಡೋಣ.

ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತದ್ದು 1953ರಲ್ಲಿ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಅದರ ಒಡಲು ಹೂಳು ತುಂಬಿ ಸುಮಾರು 105 ಟಿಎಂಸಿಗೆ ಇಳಿದಿದೆ. ಎಡದಂಡೆ ಕಾಲುವೆ 220 ಕಿಲೋಮೀಟರಿಗೂ ಹೆಚ್ಚು ಉದ್ದ. ಮಾನ್ವಿ, ರಾಯಚೂರು ಭಾಗ ಅದರ ಕೊನೆಯಲ್ಲಿದೆ. ಬಹುಪಾಲು ಜಮೀನಿಗೆ ಕಡಿಮೆ ನೀರಿನ ಬೆಳೆ ಎಂಬುದು ಯೋಜನೆಯ ಮೂಲ ಲೆಕ್ಕ. ಆದರೆ ಮೇಲ್ಭಾಗದಲ್ಲಿ ಭತ್ತ ಹರಡಿತು, ಅನಧಿಕೃತ ನೀರಾವರಿಯೂ ಬೆಳೆಯಿತು. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ 19ನೇ ಗೇಟು ಕೊಚ್ಚಿಹೋದಾಗ ನಾಲ್ಕು ಜಿಲ್ಲೆಗಳ ರೈತರ ಎದೆ ಒಡೆಯಿತು. ಒಂದೇ ಕಾಲುವೆಯನ್ನು ನಂಬಿ ಕುಳಿತವರ ಬಾಳು ಎಷ್ಟು ಸಡಿಲವೆಂದು ಅಂದು ಎಲ್ಲರಿಗೂ ತಿಳಿಯಿತು.

ಮೇಲ್ಭಾಗದವರನ್ನು ದೂರುವುದು ಸುಲಭ. ಆದರೆ ನಮ್ಮ ಊರಿನ ಹೊಲಗಾಲುವೆಯಲ್ಲಿ ಏನು ನಡೆಯುತ್ತದೆ? ಮೊದಲ ಹೊಲದ ಅಣ್ಣ ರಾತ್ರಿಯೆಲ್ಲ ಮಡಿ ತುಂಬಿಸಿಕೊಂಡು ಕೊನೆಯ ಹೊಲದ ತಮ್ಮನಿಗೆ ಒಣ ಕಾಲುವೆ ಬಿಡುವುದಿಲ್ಲವೆ? ದೂರದಲ್ಲಿ ಅನ್ಯಾಯವೆನಿಸಿದ್ದು ಮನೆಯ ಹತ್ತಿರ ಜಾಣತನ ಹೇಗಾದೀತು?

ವೀರಶೈವ ಧರ್ಮವು ಪಂಚಾಚಾರಗಳನ್ನು ವಿಧಿಸಿದೆ. ಅವುಗಳಲ್ಲಿ ಸದಾಚಾರವೆಂದರೆ ಸತ್ಯಶುದ್ಧ ದುಡಿಮೆಯಿಂದ ಬಾಳುವುದು. ಗಣಾಚಾರವೆಂದರೆ ಶಿವಗಣಕ್ಕೆ ಕುಂದು ಬಂದಾಗ ಸಹಿಸದೆ ನಿಲ್ಲುವುದು. ಭೃತ್ಯಾಚಾರವೆಂದರೆ ತಾನು ಎಲ್ಲರ ಸೇವಕನೆಂಬ ವಿನಯ. ಗಣಾಚಾರವನ್ನು ನಾವು ವಾದ ಮಾಡುವುದಕ್ಕೆ ಮಾತ್ರ ಇಟ್ಟುಕೊಂಡೆವು. ಕೊನೆಯ ಹೊಲದವನ ಬೆಳೆ ಒಣಗುವುದೂ ಗಣಕ್ಕೆ ಬಂದ ಕುಂದೇ. ಪಾದೋದಕದ ಒಂದು ಹನಿಯನ್ನೂ ನೆಲಕ್ಕೆ ಬೀಳಿಸದ ಭಕ್ತ, ಕಾಲುವೆಯ ನೀರನ್ನು ಹಳ್ಳಕ್ಕೆ ಹರಿಯಬಿಟ್ಟರೆ ಆ ಆಚಾರ ಅರ್ಧವೇ ಆಯಿತು.

ಕೆರೆ ಕಟ್ಟುವುದು ನಮ್ಮ ಪರಂಪರೆಯಲ್ಲಿ ಪೂಜೆಗೆ ಹೊರತಾದ ಕೆಲಸವಲ್ಲ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮೇಶ್ವರರು ಜನರನ್ನು ಕೂಡಿಸಿ ಕಟ್ಟಿದ ಕೆರೆ ಇಂದಿಗೂ ಸೊಲ್ಲಾಪುರದ ನಡುವೆ ಇದೆ. ನಮ್ಮ ಕಾಲದ ಮಾತಿಗೆ ಬಂದರೆ, ನೆರೆಯ ಕೊಪ್ಪಳಕ್ಕೆ ಹೋಗಿ ನೋಡಬಹುದು. 2019ರಲ್ಲಿ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ತಾವೇ ಮುಂದೆ ನಿಂತು, ಜಾಲಿ ಬೆಳೆದು ಹೂಳು ತುಂಬಿದ್ದ ಹಿರೇಹಳ್ಳವನ್ನು 20 ಕಿಲೋಮೀಟರಿಗೂ ಹೆಚ್ಚು ದೂರ ಹಸನು ಮಾಡಿಸಿದರು. ಸುತ್ತಲ ಹಳ್ಳಿಗಳ ಜನ ಜಾತಿಮತ ನೋಡದೆ ಕೈಜೋಡಿಸಿದರು. ಅದೇ ವರ್ಷ ಕುಷ್ಟಗಿ ತಾಲ್ಲೂಕಿನ ನಿಡಶೇಸಿ ಕೆರೆಯ ಹೂಳನ್ನೂ ಜನರು ಮುಂದಾಗಿ ತೆಗೆದರು. ಅಲ್ಲಿ ಸ್ವಾಮಿಗಳು ಮಾಡಿದ ದೊಡ್ಡ ಕೆಲಸ ಯಂತ್ರ ತರಿಸಿದ್ದಲ್ಲ. 'ಇದು ನಮ್ಮ ಹಳ್ಳ' ಎಂಬ ಮಾತನ್ನು ಜನರ ಬಾಯಿಗೆ ತಂದದ್ದು.

ಈ ನಾಡಿಗೆ ಕೂಡಿ ಬಾಳುವುದು ಹೊಸದಲ್ಲ. ಕಳೆ ತೆಗೆಯಲು, ರಾಶಿ ಮಾಡಲು ಮುಯ್ಯಾಳು ಹೋಗುತ್ತೇವೆ. ಮೊಹರಂ ಅಲಾಯಿ ಕುಣಿಗೆ ಎಲ್ಲ ಕುಲದವರೂ ಕೂಡುತ್ತೇವೆ. ಜಾತ್ರೆಯ ದಾಸೋಹಕ್ಕೆ ಮನೆಮನೆಯಿಂದ ಜೋಳ, ರೊಟ್ಟಿ ಬರುತ್ತವೆ. ಅದೇ ಕೈಗಳು ಹಳ್ಳಕ್ಕೂ ಕೆರೆಗೂ ಬರಬೇಕು.

ಆದರೆ ಹೂಳು ತೆಗೆಯುವುದು ಒಂದು ಬೇಸಿಗೆಯ ಕೆಲಸ, ಕಟ್ಟಳೆ ಉಳಿಸಿಕೊಳ್ಳುವುದು ತಲೆಮಾರಿನ ಕೆಲಸ. ಉತ್ಸಾಹ ಇಳಿದ ಮೇಲೆ ಜಾಲಿ ಮತ್ತೆ ಬೆಳೆಯುತ್ತದೆ. ಆದ್ದರಿಂದ ಮಳೆ ಬೀಳುವ ಮೊದಲೇ ಊರವರೆಲ್ಲ ಗುಡಿಯ ಕಟ್ಟೆಗೆ ಕೂಡಿ ಕೆಲವು ಮಾತು ನಿಶ್ಚಯಿಸಲಿ: ಕಾಲುವೆ ನೀರಿನ ಸರದಿ ಕೊನೆಯ ಹೊಲದಿಂದ ಆರಂಭವಾಗಲಿ. ನೀರು ಕಡಿಮೆ ಇದ್ದ ವರ್ಷ ಭತ್ತ ಬಿಟ್ಟು ಬಿಳಿಜೋಳ, ತೊಗರಿ, ಕಡಲೆ ಬಿತ್ತಲಿ. ಕೆರೆಯ ಹೂಳು ಸಣ್ಣ ಹಿಡುವಳಿಯವನ ಹೊಲಕ್ಕೆ ಮೊದಲು ಹೋಗಲಿ. ಲೆಕ್ಕವನ್ನು ಎಲ್ಲರೆದುರು ಓದಿ ಹೇಳಲಿ. ನೀರು ಹೊರುವ ತಾಯಂದಿರು, ಹೊಲವಿಲ್ಲದ ಕೂಲಿಯವರು ಇಲ್ಲದ ಸಭೆ ಊರಿನ ಸಭೆಯಲ್ಲ. ಮಠವೂ ಈ ಕಟ್ಟಳೆಗೆ ಹೊರತಲ್ಲ. ಮಠದ ಹೊಲಕ್ಕೆ ಮೊದಲು ನೀರು ಬಿಡುವ ಭಕ್ತಿ ನಮಗೆ ಬೇಡ.

ಸರ್ಕಾರವನ್ನು ಕೇಳುವುದನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಕೊನೆಭಾಗದ ಪಾಲು ಹಕ್ಕಿನದು, ಅದನ್ನು ಒಕ್ಕೊರಲಿನಿಂದ ಕೇಳಬೇಕು. ತಮ್ಮೊಳಗೆ ಹಂಚಿಕೊಂಡು ಉಣ್ಣುವವರ ಕೂಗಿಗೆ ತೂಕ ಹೆಚ್ಚು.

ಇನ್ನು ಮುಂದೆ ಮಲ್ಲಟದ ಭಕ್ತರು 'ನೀರು ಬರ್ತಾವೇನ್ರಿ' ಎಂದು ಕೇಳಿದರೆ ನಾವೂ ಒಂದು ಮಾತು ಕೇಳುತ್ತೇವೆ: 'ಬಂದರೆ ಕೊನೆಯ ಹೊಲಕ್ಕೆ ಮುಟ್ಟಿಸುವಿರೇನಪ್ಪಾ?' ಆ ಪ್ರಶ್ನೆಗೆ ಹೌದೆನ್ನುವ ಊರಿನಲ್ಲಿ ಶಿವನು ನೆಲೆಸುತ್ತಾನೆ. ಸರ್ವರಿಗೂ ಸನ್ಮಂಗಳವಾಗಲಿ.